ಬೇವಿನೆಲಿ, ಟೊಂಗಿ, ಮುಳ್ಳು ಇವನ್ನೆಲ್ಲ ಕಸದ ಗಾಡಿಗೆ ಕೊಡೋದು ಹೆಂಗ್ರಿ?

ಹಿತ್ತಲಬಾಗಲ, ಬೆಳಗಾವಿ:

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಟಿಳಕವಾಡಿ ಒಳಗ ಹಳೇ ಮನಿ, ಕಂಪೌಂಡ್ ದೊಡ್ಡದೈತಿ, ಒಂದು ಬೇವಿನ ಗಿಡ, ಒಂದು ಮಾವಿನ ಗಿಡ, ಗೇಟಿನ ಮ್ಯಾಲೆ ಬೋಗನ್‌ವಿಲ್ಲಾ. ಶಿವರಾತ್ರಿ ಮುಗದ್ರ ಯುಗಾದಿ ಬರೋತನಾ ಬೇವಿನೆಲಿ ಉದುರೋದು ನಿಂದ್ರಂಗಿಲ್ಲ, ಮುಂಜಾನೆ ಬಳದ್ರ ಮಧ್ಯಾಹ್ನಕ್ಕ ಮತ್ತ ಅಷ್ಟ ಬಿದ್ದಿರತೈತಿ. ಈ ಸಲ ಬೋಗನ್‌ವಿಲ್ಲಾನೂ ಕಟಿಂಗ್ ಮಾಡಿಸಿದ್ವಿ, ಈಗ ಎಲಿ, ಟೊಂಗಿ, ಮುಳ್ಳು, ಕಿತ್ತ ಹುಲ್ಲು ಎಲ್ಲಾ ಗೊಬ್ಬರದ ಚೀಲದಾಗ ತುಂಬಿ ಗೇಟಿನ ಒಳಗ ಸಾಲಾಗಿ ನಿಂದ್ರಿಸೀವಿ. ಇದು ಹಸಿ ಕಸದಾಗ ಬರತೈತೋ ಒಣ ಕಸದಾಗೋ ಅನ್ನೋದ ತಿಳಿವಲ್ದು. ಎಲಿ ಒಣಗೈತಿ ಅಂದ ಮ್ಯಾಲೆ ಒಣ ಕಸ ಅಂತಾರ ನಮ್ಮ ಮನಿಯವ್ರು, ಅಲ್ಲ ಅಂತಾರ ಬಾಜೂ ಮನಿ ಅಕ್ಕಾರು, ಎದರ ಮನಿ ಕಾಕಾ ಅಂತೂ ಒಂದು ಕಡ್ಡಿ ಗೀರ್ರಿ ಮುಗೀತು ಅಂತಾರ. ಗೊತ್ತಿದ್ದವ್ರು ಹೇಳ್ರಿ.

ಕರಿಬೇವು, ಬೆಳಗಾವಿ:

ಒಣ ಕಸ ಅಲ್ಲರೀ ಅದು. ಒಣ ಕಸ ಅಂದ್ರ ಪ್ಲಾಸ್ಟಿಕ್, ಕಾಗದ, ಡಬ್ಬಿ, ಗಾಜು, ಅಂದ್ರ ಮತ್ತ ಆರಿಸಿ ಮಾರಾಕ ಬರೋ ಮಾಲು. ಎಲಿ ಎಷ್ಟ ಒಣಗಿ ಪುಡಿಪುಡಿ ಆದ್ರೂ ಕೊಳಿಯೋ ವಸ್ತುನ, ಒಣ ಕಸದಾಗ ಹೊಕ್ತು ಅಂದ್ರ ಆರಿಸೋರಿಗೆ ತಲಿನೋವು. ಒಂದು ಬುಟ್ಟಿ ಹೂವು, ಎಲಿ ಇದ್ರ ಅಡಗಿಮನಿ ಹಸಿ ಕಸದ ಜೊತಿಗೆ ಕೊಡಾಕ ಬರತೈತಿ, ಚೀಲಗಟ್ಟಲೆ ಇದ್ರ ಅದನ್ನ ಬ್ಯಾರೆನ ಇಡಬೇಕು.

ಆದ್ರ ನಾ ಕೇಳೋದು, ಎಲಿ ಯಾಕ ಗಾಡಿಗೆ ಕೊಡ್ತೀರಿ? ದುಡ್ಡ ಕೊಟ್ಟು ಗೊಬ್ಬರ ತರೋದು, ಪುಕ್ಕಟ ಗೊಬ್ಬರ ಹೊರಗ ಕಳಿಸೋದು, ಇದ್ಯಾವ ಲೆಕ್ಕರೀ! ಮೂಲ್ಯಾಗ ಕಬ್ಬಿಣದ ಜಾಳಗಿ ಗುಂಡಗ ಸುತ್ತಿ ನಿಂದ್ರಿಸ್ರಿ, ಮೂರು ಫೂಟ್ ಅಗಲ, ಮೂರು ಫೂಟ್ ಎತ್ತರ ಸಾಕು. ತಳಕ್ಕ ಸಣ್ಣ ಕಡ್ಡಿ ಹಾಸ್ರಿ ಗಾಳಿ ಆಡಾಕ, ಅದರ ಮ್ಯಾಲೆ ಎಲಿ, ಎಲಿ ಮ್ಯಾಲೆ ಕಾಯಿಪಲ್ಲೆ ಸಿಪ್ಪಿ, ಮತ್ತ ಎಲಿ. ಮೂರು ಪಾಲು ಒಣ ಎಲಿಗೆ ಒಂದು ಪಾಲು ಹಸಿ ಅಂತ ಅಂದಾಜಿಟ್ಕೊಳ್ರಿ. ಬರೇ ಎಲಿ ಒಟ್ಟಿದ್ರ ಮುಂದಿನ ಯುಗಾದಿಗೂ ಹಂಗ ಕುಂತಿರತೈತಿ, ಬರೇ ಹಸಿ ಹಾಕಿದ್ರ ನಾತ ಹೊಡಿತೈತಿ. ಸಗಣಿ ಸಿಕ್ರ ನೀರಾಗ ಕಲಿಸಿ ಚಿಮುಕಿಸ್ರಿ. ಮುಷ್ಟಿಯೊಳಗ ಹಿಂಡಿದ್ರ ಕೈ ತೇವ ಆಗಬೇಕು, ಆದ್ರ ನೀರು ಸೋರಬಾರ್ದು, ಅಷ್ಟ ಹಸಿ ಇರ್ಲಿ. ಮಾವಿನೆಲಿ ಭಾಳ ದಪ್ಪರೀ, ಲಗೂನ ಕೊಳಿಯಂಗಿಲ್ಲ, ಕಾಲಿಂದ ತುಳದು ಚೂರು ಮಾಡಿ ಹಾಕ್ರಿ. ಜೂನ್ ಮಳಿ ಹಿಡ್ಯೋ ಮೊದಲ ಮ್ಯಾಲೊಂದು ತಾಡಪತ್ರಿ ಹೊಚ್ಚಬೇಕು, ನಮ್ಮ ಬೆಳಗಾವಿ ಮಳಿ ಗೊತ್ತಲ್ಲ, ಗೊಬ್ಬರದಾಗಿನ ಸತ್ವ ಎಲ್ಲಾ ತೊಳಕೊಂಡ ಹೋಗತೈತಿ.

ಹಲಗಿನಾದ, ಬಾಗಲಕೋಟಿ:

ನಮ್ಮೂರಾಗಿದ್ರ ಇದು ಪ್ರಶ್ನೇನ ಆಗ್ತಿರಲಿಲ್ರಿ 😄 ಹೋಳಿ ಹುಣ್ಣಿವಿ ಮುಂದ ಟೊಂಗಿ ಕಡದು ಮನಿ ಮುಂದ ಇಟ್ಟ ನೋಡ್ರಿ, ಬೆಳಗಾಗೋದ್ರಾಗ ಕಾಮಣ್ಣನ ಹುಡುಗರು ಹೊತ್ಕೊಂಡ ಹೋಗಿರ್ತಾರ. ಕುಳ್ಳು, ಕಟ್ಟಿಗಿ, ಮುರದ ಕುರ್ಚಿ, ಯಾವುದೂ ಬಿಡಂಗಿಲ್ಲ. ಬೋಗನ್‌ವಿಲ್ಲಾ ಮುಳ್ಳು ಮಾತ್ರ ಅವ್ರೂ ಒಲ್ಲೆ ಅಂತಾರ.

ಹಳೇಸೈಕಲ್, ಬೆಳಗಾವಿ:

ನಾ ಸ್ವಚ್ಛತಾ ಕೆಲಸದ ಮ್ಯಾಲ್ವಿಚಾರಣಿ ಮಾಡಿ ರಿಟೈರ್ ಆದಂವ, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲ ಆ ಕಡ್ಡಿ ಗೀರೋ ಮಾತು. 2016ರ ಡಿಸೆಂಬರ್‌ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಾಗ ಕಸ ಸುಡೋದನ್ನ ದೇಶದ ತುಂಬ ನಿಷೇಧ ಮಾಡೇತಿ, ಸಣ್ಣದಾಗಿ ಸುಟ್ರ 5,000 ರೂಪಾಯಿ, ದೊಡ್ಡ ಪ್ರಮಾಣದಾಗ ಸುಟ್ರ 25,000 ದಂಡ. ಕಾಕಾರಿಗೆ ಇದನ್ನ ನೆಟ್ಟಗ ಹೇಳ್ರಿ. ದಂಡದ ಮಾತು ಬಿಡ್ರಿ, ಹಸಿ ಎಲಿ ಬೆರತ ರಾಶಿ ಉರಿಯಂಗಿಲ್ಲ, ಸುಮ್ನ ಹೊಗಿ ಹಾಕ್ಕೋತ ಕುಂದ್ರತೈತಿ, ದಮ್ಮು ಇದ್ದ ಮುದುಕರು ಓಣ್ಯಾಗ ಇದ್ರ ಅವರ ಗತಿ ಏನು?

ಅದೇ 2016ರ ಘನತ್ಯಾಜ್ಯ ನಿಯಮದಾಗ ತ್ವಾಟದ ಕಸದ್ದು ಬ್ಯಾರೆನ ಬರದಿದ್ರು, ಅದನ್ನ ನಮ್ಮ ಜಾಗಾದಾಗ ಬ್ಯಾರೆ ಕೂಡಿಸಿಟ್ಟು, ಊರಿನ ಸಂಸ್ಥೆ ಹೇಳಿದಂಗ ಕೊಡಬೇಕು ಅಂತ. ರಸ್ತಾದಾಗ, ಖುಲ್ಲಾ ಪ್ಲಾಟಿನ್ಯಾಗ, ಗಟಾರದಾಗ ಹಾಕಂಗಿಲ್ಲ. ಗಟಾರದ ಮಾತು ಯಾಕ ಒತ್ತಿ ಹೇಳ್ತೀನಿ ಅಂದ್ರ, ಎಪ್ರಿಲ್ ಮೇ ಒಳಗ ಒಂದು ಅಡ್ಡಮಳಿ ಜೋರ ಬಂತಂದ್ರ ಈ ಎಲಿನ ಹೋಗಿ ಸಿಡಿ (ಗಟಾರ ದಾಟೋ ಸಣ್ಣ ಸೇತುವೆ) ಕೆಳಗ ಗಟ್ಟಿಯಾಗಿ ಕುಂದ್ರತಾವು, ನೀರು ಮನಿಗೆ ನುಗ್ಗತೈತಿ, ಆಮ್ಯಾಲೆ ಎಲ್ಲಾರೂ ಪೌರಕಾರ್ಮಿಕರ ಮ್ಯಾಲೆ ಸಿಟ್ಟ ಮಾಡ್ತಾರ.

ಈಗ ನಿಮ್ಮ ಚೀಲ. ಎಲ್ಲಾ ಕೂಡಿಸಿ ತುಂಬೀರಿ ಅಂದ್ರಿ, ಅದನ್ನ ಬಿಚ್ರಿ. ಎಲಿ ಒಂದು ಕಡೆ, ಮ್ಯಾಲೆ ಕರಿಬೇವು ಅಕ್ಕಾರು ಹೇಳಿದಂಗ ಗೊಬ್ಬರಕ್ಕ ಮನ್ಯಾಗ ಉಳೀಲಿ. ಟೊಂಗಿ ಮೂರು ಫೂಟಿನಂಗ ಕಡದು, ಬುಡ ಎಲ್ಲಾ ಒಂದ ಕಡೆ ಮಾಡಿ, ಸುತಳಿಯಿಂದ ಎರಡು ಕಡೆ ಕಟ್ರಿ, ಪ್ಲಾಸ್ಟಿಕ್ ಹಗ್ಗ ಬ್ಯಾಡ. ಒಬ್ಬಂವ ಒಂದು ಕೈಲೆ ಎತ್ತಂಗಿರಬೇಕು ಹೊರೆ. ಮುಳ್ಳಿನವು ಬ್ಯಾರೆ ಕಟ್ಟಿ ಹಳೇ ತಟ್ಟಿನ ಚೀಲ ಸುತ್ತಿ, ಕೊಡುವಾಗ ಬಾಯಿ ಬಿಟ್ಟು ಹೇಳ್ರಿ, "ಮುಳ್ಳ ಅದಾವರೀ, ನೋಡಿ ಹಿಡೀರಿ" ಅಂತ. ಚೀಲದಾಗ ಮುಳ್ಳು ಐತಿ ಅಂತ ಗೊತ್ತಿಲ್ದ ತಳಕ್ಕ ಕೈ ಕೊಟ್ಟು ಎತ್ತಿದ ಹೆಣ್ಮಗಳ ಅಂಗೈ ನಾ ನೋಡೇನಿ, ಬೋಗನ್‌ವಿಲ್ಲಾ ಮುಳ್ಳು ಮುರದು ಒಳಗ ಉಳದು ಕೀವಾಗಿತ್ತು, ಕೆಲಸ ಬಿಟ್ಟು ಮನ್ಯಾಗ ಕುಂತ್ರ ಆಕಿ ಹೊಟ್ಟಿಗೆ ಯಾರು ಹಾಕ್ತಾರ?

ಮತ್ತ, ಹೊರೆ ಭಾಳ ಇದ್ರ ಒಂದ ದಿನ ಎಲ್ಲಾ ಗೇಟಿನ ಮುಂದ ಸುರೀಬ್ಯಾಡ್ರಿ. ಮನಿಮನಿ ಕಸದ ಸಣ್ಣ ಗಾಡಿ ಅದು, ನಿಮ್ಮ ಟೊಂಗಿನ ತುಂಬ್ಕೊಂಡ್ರ ಮುಂದಿನ ಓಣಿ ಕಸ ಎಲ್ಲಿ ಹಾಕ್ಬೇಕು ಅವ್ರು? ಗಾಡಿಯವ್ರನ್ನ ಮೊದಲ ಕೇಳ್ರಿ, ದಿನಾ ಒಂದೆರಡು ಹೊರೆ ತಗೋತಾರೋ, ಇಲ್ಲಾ ವಾರ್ಡಿನ ಆಫೀಸಿಗೆ ಹೇಳಿ ಬ್ಯಾರೆ ಗಾಡಿ ಕರಸಬೇಕೋ ಅಂತ. ಗೊಬ್ಬರದ ಚೀಲ ಖಾಲಿ ಮಾಡಿ ವಾಪಸ್ ಇಸಕೊಳ್ರಿ. ನಮ್ಮ ಕಸ ಹೋಗೋದು ತುರಮುರಿ ಊರಿನ ಕಸದ ಘಟಕಕ್ಕ, ಅಲ್ಲಿ ಎಲಿ ಜೊತಿಗೆ ಪ್ಲಾಸ್ಟಿಕ್ ಚೀಲಾನೂ ಹೋದ್ರ ಗೊಬ್ಬರ ಮಾಡೋದರಾಗ ಅದನ್ನ ಮತ್ತ ಯಾರರ ಆರಿಸಬೇಕು.

ಇನ್ನೊಂದು, ಟೊಂಗಿ ಬ್ಯಾರೆ, ಗಿಡ ಬ್ಯಾರೆ. ಇಡೀ ಗಿಡ ಕಡಸೋ ವಿಚಾರ ಇದ್ರ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಐತಿ, ನಮ್ಮ ಕಂಪೌಂಡಿನ್ಯಾಗಿದ್ರೂ ಅನುಮತಿ ಇಲ್ದ ಮುಟ್ಟಬ್ಯಾಡ್ರಿ.

ಎರಿಹೊಲ, ವಿಜಯಪುರ:

ಸರ ಹೇಳಿದ್ದು ಬರೋಬ್ಬರಿ. ನಮ್ಮ ಕಡೆ ಬಿಸಲಿಗೆ ಎರಿಭೂಮಿ ಕೈ ಹೋಗುವಷ್ಟು ಬಿರಕ ಬಿಡತೈತಿ, ಅದಕ್ಕ ಉದುರಿದ ಎಲಿ ಎಲ್ಲಾ ಗಿಡದ ಮಡಿ ಒಳಗ ಹೊಚ್ಚತೀವಿ, ನಾಕು ಬಟ್ಟು ದಪ್ಪ, ಬೊಡ್ಡಿಗೆ ಹತ್ತಲಾರದಂಗ. ಹಾಕಿದ ನೀರು ಹಸಿ ಆರದಂಗ ಉಳಿತೈತಿ.

ಎರಡು ಎಚ್ಚರಿಕಿ. ಕಿತ್ತ ಹುಲ್ಲಿನ್ಯಾಗ ಕಾಂಗ್ರೆಸ್ ಕಸ ಇದ್ರ, ಅದಕ್ಕ ಬಿಳಿ ಹೂ ಬಂದಿದ್ರ ಗೊಬ್ಬರದ ಗುಂಡ್ಯಾಗ ಹಾಕಬ್ಯಾಡ್ರಿ, ಬೀಜ ಸಾಯಲಿಲ್ಲಂದ್ರ ಮುಂದ ಹಿತ್ತಲ ತುಂಬ ಅದ ಏಳತೈತಿ, ಬರಿಗೈಲೆ ಕೀಳಾಕೂ ಹೋಗಬ್ಯಾಡ್ರಿ, ಮೈ ತುರಸತೈತಿ. ಎರಡನೇದು ಇನ್ನೂ ಜರೂರ. ದನ ತಿಂತಾವ ಬಿಡು ಅಂತ ಕಣಗಿಲ ಟೊಂಗಿ ರಸ್ತಾದಾಗ ಒಗೀಬ್ಯಾಡ್ರಿ, ಅದು ಹಸೀದೂ ವಿಷ, ಒಣಗಿದ್ದೂ ವಿಷ. ಸ್ವಲ್ಪ ತಿಂದ್ರೂ ಆಕಳ ಉಳಿಯೋದು ಕಷ್ಟ.

ಹಿತ್ತಲಬಾಗಲ, ಬೆಳಗಾವಿ:

ಎಲ್ಲಾರಿಗೂ ಥ್ಯಾಂಕ್ಸ್ ರೀ. ಕಣಗಿಲ ನಮ್ಮ ಹಿಂದಿನ ಗ್ವಾಡಿಗೂ ಐತಿ, ಛಲೋ ಆತು ಹೇಳಿದ್ರಿ. ಚೀಲ ಬಿಚ್ಚಿ ಬ್ಯಾರೆ ಮಾಡಾಕ ಹತ್ತೀವಿ, ಕಾಕಾರಿಗೆ 5,000ದ ಮಾತು ಹೇಳಿದ್ವಿ, ಕಡ್ಡಿಪೆಟಗಿ ಒಳಗ ಇಟ್ರು. ಒಂದ ಡೌಟು, ಎಲಿ ಒಟ್ಟಿದ್ರ ವರ್ಲಿ ಹತ್ತಿ ಮನಿ ಬಾಗಲಕ್ಕ ಬರಂಗಿಲ್ಲೇನ್ರಿ?

ಕರಿಬೇವು, ಬೆಳಗಾವಿ:

ಗ್ವಾಡಿಗೆ ಹಚ್ಚಿ ಒಟ್ಟಬ್ಯಾಡ್ರಿ, ಮನಿಯಿಂದ ದೂರ ಇರ್ಲಿ. ವರ್ಲಿಗೆ ಬೇಕಾಗಿದ್ದು ಒಣ ಕಟ್ಟಿಗಿ, ದಪ್ಪ ಟೊಂಗಿ ಅದರಾಗ ಹಾಕಬ್ಯಾಡ್ರಿ. ಹಸಿ ಆರಗೊಡದಂಗ ನೋಡ್ಕೊಂಡು ಆಗಾಗ ಸಲಿಕಿಲೆ ತಿರವಿ ಹಾಕ್ಕೋತ ಇದ್ರ ಅವು ಅಲ್ಲಿ ನಿಂದ್ರಂಗಿಲ್ಲ. ಜಾಳಗಿ ತರಾಕ ಹ್ವಾದಾಗ ಹಳೇದು ಕೇಳ್ರಿ, ಗುಜರಿ ಅಂಗಡ್ಯಾಗ ಕಡಿಮಿಗೆ ಸಿಗತೈತಿ.