ಕಲಾ ಸಂಗ್ರಹಾಲಯಕ್ಕೆ ಮಕ್ಕಳ ವಿಡಿಯೊ: ಗಾಜಿನ ಹೊಳಪು, ಮಂಕಾಗುವ ಚಿನ್ನ, ಒಡೆಯುವ ಒತ್ತಕ್ಷರ

ಬಿವಿಎ_ಮೂರನೇ_ವರ್ಷ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಲಾ ಸಂಗ್ರಹಾಲಯದ ಶಿಕ್ಷಣ ವಿಭಾಗಕ್ಕೆ ತಲಾ 90 ಸೆಕೆಂಡಿನ ನಾಲ್ಕು ವಿಡಿಯೊ ಮಾಡಿಕೊಡಬೇಕಿದೆ. ನೋಡುವವರು 5ರಿಂದ 8ನೇ ತರಗತಿಯ ಮಕ್ಕಳು, ಹೆಚ್ಚಿನವರು ಕನ್ನಡ ಮಾಧ್ಯಮದವರು. ವಿಷಯ: ಚಿನ್ನದ ರೇಕಿನ ಕೆಲಸವಿರುವ ಎರಡು ಮೈಸೂರು ಸಾಂಪ್ರದಾಯಿಕ ಚಿತ್ರ, ಒಂದು ತೊಗಲುಗೊಂಬೆ, ಕೆ. ವೆಂಕಟಪ್ಪನವರ ಒಂದು ಜಲವರ್ಣ. ಗೊಂಬೆಯೊಂದನ್ನು ಬಿಟ್ಟು ಉಳಿದೆಲ್ಲ ಗಾಜಿನ ಚೌಕಟ್ಟಿನೊಳಗಿವೆ. ಚೌಕಟ್ಟು ಬಿಚ್ಚುವಂತಿಲ್ಲ, ಫ್ಲ್ಯಾಶ್ ಬಳಸುವಂತಿಲ್ಲ.

ನನ್ನ ಬಳಿ ಇರುವುದು ಫೋನು, ಟ್ರೈಪಾಡ್, ಕಾಲರ್ ಮೈಕ್ ಮತ್ತು ಬೆಳಕು ಹೆಚ್ಚುಕಡಿಮೆ ಮಾಡಬಹುದಾದ ಒಂದು ಚಿಕ್ಕ ಎಲ್‌ಇಡಿ ಪ್ಯಾನೆಲ್. ಪರೀಕ್ಷೆಗೆಂದು ತೆಗೆದ ಶಾಟ್‌ಗಳಲ್ಲಿ ಗಾಜಿನೊಳಗೆ ಕ್ಯಾಮೆರಾ, ಟ್ರೈಪಾಡ್ ಎಲ್ಲ ಕಾಣುತ್ತಿವೆ. ವಿಡಿಯೊದಲ್ಲಿ ಮಸುಕು ಪಟ್ಟಿಗಳು ಮೇಲಿಂದ ಕೆಳಕ್ಕೆ ಹರಿಯುತ್ತಿವೆ. ಕಣ್ಣಿಗೆ ಝಗಝಗಿಸುವ ಚಿನ್ನ ತೆರೆಯ ಮೇಲೆ ಸಾಸಿವೆ ಬಣ್ಣಕ್ಕೆ ತಿರುಗುತ್ತಿದೆ. ಗ್ಯಾಲರಿಯಲ್ಲಿ ಧ್ವನಿ ಗುಂಯ್‌ಗುಡುತ್ತದೆ, ಅಡಿಬರಹದಲ್ಲಿ ಒತ್ತಕ್ಷರ ಒಡೆಯುತ್ತಿದೆ. ಸ್ಕ್ರಿಪ್ಟ್ ಬಗ್ಗೆಯೂ ಸಲಹೆ ಬೇಕು. ಕಲಾವಿದರ ಹೆಸರು, ಕಾಲ, ಶೈಲಿ, ತಂತ್ರ ಎಂಬ ಕ್ರಮದಲ್ಲಿ ಬರೆಯಲು ಶುರುಮಾಡಿದ್ದೇನೆ.

ಬೆಳಕಿನ_ಕೆಲಸ

ಪಟ್ಟಿಯದು ಸುಲಭ, ಅದನ್ನು ಮೊದಲು ಮುಗಿಸೋಣ. ನಮ್ಮ ಕರೆಂಟು 50 ಹರ್ಟ್ಸ್; ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನು ತಾನಾಗಿ ಸೆಕೆಂಡಿಗೆ 30 ಫ್ರೇಮ್, 1/60 ಸೆಕೆಂಡಿನ ಶಟರ್ ಹಿಡಿದರೆ ಎರಡಕ್ಕೂ ತಾಳ ಕೂಡುವುದಿಲ್ಲ. ಮ್ಯಾನ್ಯುಯಲ್ ಆ್ಯಪ್‌ನಲ್ಲಿ 25 ಫ್ರೇಮ್, 1/50 ಶಟರ್ ಇಡಿ, ಬೆಳಕು ಹೆಚ್ಚಿದ್ದರೆ 1/100. ಆಮೇಲೂ ಪಟ್ಟಿ ಉಳಿದರೆ ಯಾವುದೋ ದೀಪವನ್ನು ಡಿಮ್ಮರ್‌ನಲ್ಲಿ ತಗ್ಗಿಸಿರಬಹುದು. ಸಿಬ್ಬಂದಿಯನ್ನು ಕೇಳಿ ಅದೊಂದನ್ನು ಆರಿಸಿ.

ಗಾಜನ್ನು ನೇರ ಎದುರಿನಿಂದ ನೋಡಿದರೆ ಅದರಲ್ಲಿ ಕಾಣುವುದು ನಿಮ್ಮ ಬೆನ್ನ ಹಿಂದಿರುವುದು. ಸುಮಾರು 2 ಮೀಟರ್ ಉದ್ದಗಲದ ಕಪ್ಪು ಬಟ್ಟೆಗೆ ಲೆನ್ಸಿನಷ್ಟೇ ತೂತು ಮಾಡಿ ಕ್ಯಾಮೆರಾದ ಮುಂದೆ ಇಳಿಬಿಡಿ. ಮಿರುಗುವ ಬಟ್ಟೆ ಬೇಡ, ಕಾಟನ್ ಇರಲಿ. ನೀವೂ ಕಪ್ಪು ಅಂಗಿ ತೊಡಿ. ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ ತೆಗೆಯುವುದಕ್ಕಿಂತ 2 ಮೀಟರ್ ಹಿಂದೆ ಸರಿದು ಫೋನಿನ 2x ಅಥವಾ 3x ಲೆನ್ಸಿನಲ್ಲಿ ತೆಗೆದರೆ ಗಾಜು ಪ್ರತಿಫಲಿಸುವ ಕೋನ ಕಿರಿದಾಗುತ್ತದೆ. ಪೋಲರೈಸರ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ ದುಡ್ಡು ಹಾಕಬೇಡಿ. ಗಾಜಿನ ಹೊಳಪನ್ನು ಅದು ಚೆನ್ನಾಗಿ ತಡೆಯುವುದು ಸುಮಾರು 55 ಡಿಗ್ರಿ ಓರೆಯಿಂದ ನೋಡಿದಾಗ. ಎದುರಿನಿಂದ ತೆಗೆಯುವ ಚಿತ್ರಕ್ಕೆ ಉಪಯೋಗವಿಲ್ಲ.

ಇನ್ನು ಚಿನ್ನ. ಚಿನ್ನದ ರೇಕು ಕನ್ನಡಿಯಂತೆಯೇ ಎದುರಿಗಿರುವುದನ್ನು ತೋರಿಸುತ್ತದೆ. ಕಪ್ಪು ಬಟ್ಟೆ ಕಟ್ಟಿದರೆ ಗಾಜು ಶುದ್ಧವಾಗುತ್ತದೆ, ಆದರೆ ಚಿನ್ನವೂ ಕಪ್ಪನ್ನೇ ಪ್ರತಿಫಲಿಸಿ ಕಂದಾಗುತ್ತದೆ. ಇಲ್ಲಿ ನಿಮ್ಮ ನೆರವಿಗೆ ಬರುವುದು ಗೆಸ್ಸೊದ (ರೇಕಿನ ಕೆಳಗೆ ಹಚ್ಚುವ ಬಿಳಿ ಲೇಪದ) ಉಬ್ಬು. ಗಾಜು ಚಪ್ಪಟೆ, ರೇಕಿನ ಕೆಳಗಿನ ಗೆಸ್ಸೊ ಉಬ್ಬು. ಪ್ಯಾನೆಲ್ಲನ್ನು ಚಿತ್ರದ ಒಂದು ಬದಿಯಲ್ಲಿ, ಮೇಲ್ಮೈಗೆ 15–20 ಡಿಗ್ರಿಯಷ್ಟು ಓರೆಯಾಗಿ ಇಟ್ಟರೆ ಗಾಜಿಗೆ ಬಡಿದ ಬೆಳಕು ಇನ್ನೊಂದು ಬದಿಗೆ ಜಾರಿಹೋಗುತ್ತದೆ, ಉಬ್ಬಿನ ಇಳಿಜಾರಿಗೆ ಬಡಿದದ್ದು ಮಾತ್ರ ಲೆನ್ಸಿಗೆ ಬರುತ್ತದೆ. ಶಾಟ್ ನಡೆಯುತ್ತಿರುವಾಗಲೇ ಪ್ಯಾನೆಲ್ಲನ್ನು ಮೇಲಿಂದ ಕೆಳಗೆ 8–10 ಸೆಕೆಂಡಿನಲ್ಲಿ ನಿಧಾನ ಸರಿಸಿ. ಹೊಳಪು ಆಭರಣದಿಂದ ಆಭರಣಕ್ಕೆ ಹರಿಯುತ್ತದೆ. ಮಕ್ಕಳಿಗೆ ‘ಇದು ಉಬ್ಬಾಗಿದೆ’ ಎಂದು ಬಾಯಲ್ಲಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಮೈಸೂರು ಚಿತ್ರದ ಉಬ್ಬು ತಂಜಾವೂರಿನದಕ್ಕಿಂತ ತುಂಬ ತಗ್ಗು, ಹಾಗಾಗಿ ಬೆಳಕು ಇಷ್ಟು ಓರೆ ಇರಲೇಬೇಕು. 45 ಡಿಗ್ರಿಗೆ ತಂದರೆ ಚಪ್ಪಟೆಯಾಗಿಬಿಡುತ್ತದೆ. ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಬೆಳಕು ಸರಿದಂತೆ ಫೋನು ಬಣ್ಣ ಬದಲಿಸುತ್ತದೆ.

ಓರೆ ಬೆಳಕಿನಲ್ಲಿ ಗಾಜಿನ ಮೇಲಿನ ಧೂಳೆಲ್ಲ ಎದ್ದು ಕಾಣುತ್ತದೆ. ಒರೆಸುವ ಕೆಲಸ ಸಿಬ್ಬಂದಿಗೇ ಬಿಡಿ. ಗಾಜಿನ ಮೇಲೆ ದ್ರವ ಸಿಂಪಡಿಸಿದರೆ ಚೌಕಟ್ಟಿನ ಅಂಚಿನಿಂದ ಒಳಕ್ಕೆ ಇಳಿದು ಚಿತ್ರಕ್ಕೆ ತಗಲಬಹುದು.

ಜಲವರ್ಣಕ್ಕೆ ವಿಡಿಯೊ ತೆಗೆಯಲೇಬೇಡಿ. ಕಾಗದದ ಮೇಲಿನ ಬಣ್ಣ ಬೆಳಕಿಗೆ ಮಾಸುತ್ತದೆಂದು ಸಂಗ್ರಹಾಲಯಗಳು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಆಸುಪಾಸಿನಲ್ಲಿ ಇಡುತ್ತವೆ; ಅಷ್ಟು ಮಂದದಲ್ಲಿ ಫೋನಿನ ವಿಡಿಯೊ ಕಾಳುಕಾಳಾಗುತ್ತದೆ. ಚಿತ್ರ ಅಲುಗಾಡುವುದಿಲ್ಲವಲ್ಲ, ಟ್ರೈಪಾಡ್ ಮೇಲಿಟ್ಟು ಟೈಮರ್ ಹಾಕಿ, ದೀರ್ಘ ಎಕ್ಸ್‌ಪೋಷರಿನ ಸ್ಥಿರಚಿತ್ರ ತೆಗೆದು ಎಡಿಟಿಂಗ್‌ನಲ್ಲಿ ಅದರ ಮೇಲೆ ಚಲಿಸಿ. 1920 ಪಿಕ್ಸೆಲ್ ಅಗಲದ ವಿಡಿಯೊದಲ್ಲಿ ಮೂರು ಪಟ್ಟು ಹತ್ತಿರ ಹೋಗಬೇಕೆಂದರೆ ಸ್ಥಿರಚಿತ್ರ ಕನಿಷ್ಠ 5760 ಪಿಕ್ಸೆಲ್ ಅಗಲ ಇರಬೇಕು. ದಾಖಲೀಕರಣಕ್ಕೆ ತೆಗೆದ ದೊಡ್ಡ ಫೈಲ್ ಅವರ ಬಳಿಯೇ ಇರಬಹುದು, ಮೊದಲು ಕೇಳಿ. ಪ್ಯಾನೆಲ್ ಹಚ್ಚಲೇಬೇಕಾದರೆ ಲೆಕ್ಕ ನೆನಪಿರಲಿ: 500 ಲಕ್ಸ್‌ನಲ್ಲಿ 10 ನಿಮಿಷ ಎಂದರೆ 50 ಲಕ್ಸ್‌ನಲ್ಲಿ 1 ಗಂಟೆ 40 ನಿಮಿಷ ತೂಗುಹಾಕಿದಷ್ಟು. ಎರಡು ಟೇಕ್‌ಗಳ ನಡುವೆ ಆರಿಸಿ.

ತೊಗಲುಗೊಂಬೆಯನ್ನು ಮುಂದಿನಿಂದ ಬೆಳಗಿದರೆ ಅದು ಬಣ್ಣ ಬಳಿದ ಚರ್ಮ ಅಷ್ಟೇ. ಪಾರದರ್ಶಕವಾಗುವಂತೆ ಹದಮಾಡಿದ ಆ ತೊಗಲಿನಿಂದ ಬೆಳಕು ಹಾಯ್ದಾಗಲೇ ಕೆಂಪು, ಹಸಿರು ಜೀವ ತಳೆಯುವುದು. ಗೊಂಬೆಯ ಹಿಂದೆ ಒಂದು ಗೇಣು ಬಿಟ್ಟು ಬಿಳಿ ಕಾಟನ್ ಬಟ್ಟೆ, ಅದರ ಹಿಂದೆ ಎರಡು ಮೂರು ಅಡಿ ದೂರದಲ್ಲಿ ಪ್ಯಾನೆಲ್, ಮುಂದಿನ ದೀಪಗಳೆಲ್ಲ ಬಂದ್. ಬಿಸಿಯಾಗುವ ಹ್ಯಾಲೊಜನ್ ಬೇಡ. ತೊಗಲು ಒಣಗಿ ಮುರುಟುತ್ತದೆ. ಹಳೆಯ ಗೊಂಬೆಯ ಕೈಕಾಲು ಆಡಿಸುವ ಶಾಟ್ ಕೇಳಲೇಬೇಡಿ. ಚಲನೆ ಬೇಕೆಂದರೆ ಇಂದಿಗೂ ಆಡಿಸುತ್ತಿರುವ ಕಲಾವಿದರ ಗೊಂಬೆಯನ್ನು ಅವರ ಕೈಯಲ್ಲೇ ಚಿತ್ರಿಸಿ, ಸಂಭಾವನೆ ಕೊಡಿಸಿ.

ಗ್ಯಾಲರಿ_ಪಾಠ

ಕ್ಯಾಮೆರಾಗಿಂತ ಮೊದಲು ಒಂದು ಪ್ರಶ್ನೆ ತೀರ್ಮಾನವಾಗಬೇಕು. ಮಕ್ಕಳು ಇದನ್ನು ಎಲ್ಲಿ ನೋಡುತ್ತಾರೆ? ಶಾಲೆಯಲ್ಲೋ, ಚಿತ್ರದ ಎದುರಿಗೋ? ಅಸಲಿ ಚಿತ್ರ ಮುಂದಿರುವಾಗ ಮಗುವಿನ ಕಣ್ಣನ್ನು ಐದಾರು ಅಂಗುಲದ ತೆರೆಗೆ ಎಳೆಯುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗ್ಯಾಲರಿಯಲ್ಲಿ ಕೇಳಿಸಲು ಬರೀ ಆಡಿಯೊ, ಶಾಲೆಯಲ್ಲಿ ಭೇಟಿಗೆ ಮೊದಲು ಅಥವಾ ಆಮೇಲೆ ತೋರಿಸಲು ವಿಡಿಯೊ ಎಂದು ಎರಡನ್ನೂ ಮಾಡಿಕೊಡಿ. ವಿಷಯ ಒಂದೇ ಆದರೂ ಸ್ಕ್ರಿಪ್ಟ್ ಒಂದೇ ಅಲ್ಲ. ವಿಡಿಯೊದಲ್ಲಿ ಕ್ಯಾಮೆರಾ ತೋರಿಸುತ್ತದೆ, ಆಡಿಯೊದಲ್ಲಿ ಮಾತೇ ಬೆರಳಾಗಬೇಕು.

ಹೆಸರು, ಕಾಲ, ಶೈಲಿಯಿಂದ ಆರಂಭಿಸಬೇಡಿ. ಅದು ಪಕ್ಕದ ಫಲಕದಲ್ಲಿದೆ. ಫಿಲಿಪ್ ಯೆನವೈನ್ ಮತ್ತು ಅಬಿಗೇಲ್ ಹೌಸೆನ್ ರೂಪಿಸಿದ ನೋಡುವ ಪದ್ಧತಿಯಲ್ಲಿ ಮೂರೇ ಪ್ರಶ್ನೆ: ಈ ಚಿತ್ರದಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಅನ್ನಿಸ್ತು? ಇನ್ನೇನು ಕಾಣಿಸ್ತಿದೆ? ಮೊದಲ ಪ್ರಶ್ನೆ ಕೇಳಿ, ಆಮೇಲೆ 6 ಸೆಕೆಂಡು ಪೂರ್ತಿ ಮೌನ ಬಿಡಿ. ಎಡಿಟಿಂಗ್ ಟೇಬಲ್ಲಿನಲ್ಲಿ ಆ ಮೌನ ಯುಗದಷ್ಟು ಉದ್ದ ಅನ್ನಿಸಿ ಕತ್ತರಿಸುವ ಮನಸ್ಸಾಗುತ್ತದೆ. ಕತ್ತರಿಸಿದರೆ ಮಗು ನೋಡುವುದನ್ನು ಬಿಟ್ಟು ಉತ್ತರ ಬರಲೆಂದು ಕಾಯುತ್ತದೆ.

ಓದುವ ಕನ್ನಡಕ್ಕೆ ನಿಮಿಷಕ್ಕೆ ನೂರು ಪದದ ಆಸುಪಾಸು ಹಿಡಿಯಿರಿ. ನಮ್ಮಲ್ಲಿ ವಿಭಕ್ತಿ, ಕ್ರಿಯಾಪದ ಎಲ್ಲ ಅಂಟಿಕೊಂಡು ಪದಗಳು ಉದ್ದವಾಗುತ್ತವೆ, ಇಂಗ್ಲಿಷ್ ಲೆಕ್ಕ ನಡೆಯುವುದಿಲ್ಲ. ಮೌನ, ಮಾತಿನ ನಡುವಿನ ಬಿಡುವು ಎಲ್ಲ ಕಳೆದರೆ 90 ಸೆಕೆಂಡಿಗೆ 110–120 ಪದವೇ ನಿಮ್ಮ ಬಂಡವಾಳ. ಒಂದು ಕೃತಿಗೆ ಒಂದೇ ಹೊಸ ವಿಷಯ ಸಾಕು. ಮೈಸೂರು ಚಿತ್ರದಲ್ಲಿ ಅದು ಗೆಸ್ಸೊ ಆಗಲಿ: ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ, ಕುಂಚದಲ್ಲಿ ಉಬ್ಬು ಗೆರೆ ಎಳೆದು, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಗೊಂಬೆಯಲ್ಲಾದರೆ ಗಾತ್ರ: ರಾಜ, ದೇವತೆಗಳು ದೊಡ್ಡವರು, ಸೇವಕರು ಚಿಕ್ಕವರು, ಏಕೆ?

‘ದೇವಿಯ ಎಡಗೈ ನೋಡಿ’ ಎಂದರೆ ಅರ್ಧ ತರಗತಿ ಚಿತ್ರದ ಎಡಕ್ಕೆ ನೋಡುತ್ತದೆ. ‘ನಿಮ್ಮ ಬಲಗಡೆ, ಕೆಳಗೆ, ಹಸಿರು ಗಿಳಿಯ ಪಕ್ಕ’ ಎಂದು ನೋಡುವವರ ಕಡೆಯಿಂದಲೇ ಹೇಳಿ. ಚೌಕಟ್ಟಿನ ಎದುರು ಮಂಡಿಯೂರಿ ಮಗುವಿನ ಎತ್ತರದಿಂದ ಒಮ್ಮೆ ನೋಡಿ. ದೊಡ್ಡವರಿಗೆ ಕಾಣುವ ಭಾಗ ಅಲ್ಲಿಂದ ದೀಪದ ಹೊಳಪಿನಲ್ಲಿ ಮುಚ್ಚಿಹೋಗಿರಬಹುದು. ಅಂಥ ಭಾಗದ ಮೇಲೆ ಪ್ರಶ್ನೆ ಕಟ್ಟಬೇಡಿ.

ಒತ್ತು_ದೀರ್ಘ

ಧ್ವನಿ: ಗ್ಯಾಲರಿಯಲ್ಲಿ ನಿರೂಪಣೆ ರೆಕಾರ್ಡ್ ಮಾಡಬೇಡಿ. ಕಲ್ಲು ನೆಲ, ಬರಿ ಗೋಡೆಯ ಅನುರಣನವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರತ್ತ ಮುಖಮಾಡಿ ಕೂತು ಓದಿ, ಬೆನ್ನ ಹಿಂದೆ ರಜಾಯಿ ತೂಗುಹಾಕಿ, ಫ್ಯಾನ್ ಬಂದ್. ಮೈಕ್ ಬಾಯಿಂದ ಒಂದು ಗೇಣು ಕೆಳಗೆ ಇರಲಿ. ಮಹಾಪ್ರಾಣ, ‘ಪ’ ಅಕ್ಷರಗಳ ಗಾಳಿ ನೇರ ಬಡಿಯದಂತೆ ಸ್ವಲ್ಪ ಪಕ್ಕಕ್ಕೆ ಸರಿಸಿ. 48 ಕಿಲೊಹರ್ಟ್ಸ್, ಗರಿಷ್ಠ ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬಲ್. ನಾಲ್ಕೂ ತುಣುಕನ್ನು ಒಂದೇ ಸಲ ಕೂತು ಓದಿಸಿ, ಬೇರೆ ಬೇರೆ ದಿನ ಓದಿದರೆ ಒಂದೇ ಕಂಠವೂ ಬೇರೆ ಕೇಳಿಸುತ್ತದೆ.

ಒತ್ತಕ್ಷರ: ನಿಮ್ಮ ವಿಡಿಯೊ ಎಡಿಟರ್ ಪ್ರೀಮಿಯರ್ ಪ್ರೊ ಆದರೆ ಪ್ರೆಫರೆನ್ಸಸ್‌ನ ಗ್ರಾಫಿಕ್ಸ್‌ನಲ್ಲಿ ಟೆಕ್ಸ್ಟ್ ಎಂಜಿನ್ ‘ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್’ ಇರಬೇಕು. ಹಳೆಯ ಪ್ರಾಜೆಕ್ಟಿನ ಟೈಟಲ್‌ಗಳು ಸರಿಹೋಗದಿದ್ದರೆ ಹೊಸ ಟೆಕ್ಸ್ಟ್ ಲೇಯರ್ ಮಾಡಿ ಅಂಟಿಸಿ. ಸಂಗ್ರಹಾಲಯದವರು ಕೊಟ್ಟ ಪಠ್ಯ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯೂನಿಕೋಡ್ ಅಲ್ಲದ ಫೈಲ್ ಆಗಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಕಣ್ಣಿಂದಲೇ ನೋಡಿ. ಯಾವ ಎಡಿಟರೂ ಮಾತು ಕೇಳದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಬರೆದು ಪಾರದರ್ಶಕ ಪಿಎನ್‌ಜಿ ತೆಗೆದು ಹಾಕಿ. ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ ಸಾಕು. ಸಾಲಂತರ ಮಾತ್ರ ಇಂಗ್ಲಿಷಿಗಿಂತ ಹೆಚ್ಚು ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಸಾಲಿಗೆ ನಾಲ್ಕೈದು ಪದ, ಒಮ್ಮೆಗೆ ಎರಡೇ ಸಾಲು.

ಬಿವಿಎ_ಮೂರನೇ_ವರ್ಷ

ತುಂಬ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ. ವೆಂಕಟಪ್ಪನವರ ಚಿತ್ರಕ್ಕೆ, ಹಿನ್ನೆಲೆಯಲ್ಲಿ ಹಾಕಬೇಕೆಂದಿರುವ ದಾಸರ ಪದಕ್ಕೆ ಹಕ್ಕಿನ ತೊಡಕಿದೆಯೇ? ಆಡಿಯೊಗೆ ಕ್ಯೂಆರ್ ಕೋಡ್ ಎಷ್ಟು ದೊಡ್ಡದಿರಬೇಕು?

ಗ್ಯಾಲರಿ_ಪಾಠ

ಭಾರತದಲ್ಲಿ ಕಲಾವಿದರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕಿರುತ್ತದೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ಅವರು ಬದುಕಿದ್ದಾಗಲೇ ಪ್ರಕಟವಾದ ಕೃತಿಗೆ 2025ರ ಡಿಸೆಂಬರ್ 31ಕ್ಕೆ ಅವಧಿ ಮುಗಿಯುವ ಲೆಕ್ಕ. ರವಿವರ್ಮರದು (ನಿಧನ 1906) ಎಂದೋ ಮುಗಿದಿದೆ, ಸ್ವೆತೊಸ್ಲಾವ್ ರೋರಿಕ್‌ರದು (ನಿಧನ 1993) 2053ರವರೆಗೆ ಇದೆ. ಇದು ಚಿತ್ರದ ಹಕ್ಕಿನ ಮಾತು. ಸಂಗ್ರಹಾಲಯದ ಅನುಮತಿ ಬೇರೆಯೇ ಕಾಗದ, ಅದರಲ್ಲಿ ‘ಯೂಟ್ಯೂಬ್’, ‘ಶಾಲೆಗಳಿಗೆ ಹಂಚಿಕೆ’ ಎಂದು ಬಳಕೆಯನ್ನು ಹೆಸರಿಸಿಯೇ ಬರೆಸಿಕೊಳ್ಳಿ.

ದಾಸರ ಪದಕ್ಕೆ ಹಕ್ಕಿಲ್ಲ, ಅದನ್ನು ಹಾಡಿದ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ಇದೆ. ನಿಮ್ಮ ಸಹಪಾಠಿಯೊಬ್ಬರಿಂದ ಹಾಡಿಸಿ, ಒಪ್ಪಿಗೆ ಬರೆಸಿಕೊಳ್ಳಿ. ಆದರೆ ಮಾತಿನ ಕೆಳಗೆ ಹಾಡು ಬೇಡ. ಮಗುವಿನ ಕಿವಿ ಸಾಹಿತ್ಯದ ಕಡೆ ಹೋಗುತ್ತದೆ.

ಕ್ಯೂಆರ್: ಸ್ಕ್ಯಾನ್ ಮಾಡುವ ದೂರದ ಹತ್ತರಲ್ಲಿ ಒಂದು ಭಾಗ. 50 ಸೆಂಟಿಮೀಟರ್ ದೂರದಿಂದ ಎಂದರೆ 5 ಸೆಂಟಿಮೀಟರ್. ಸುತ್ತ ಕೋಡಿನೊಳಗಿನ ನಾಲ್ಕು ಚಿಕ್ಕ ಚೌಕದಷ್ಟು ಬಿಳಿ ಅಂಚು ಬಿಡಿ, ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ, ಗ್ಲಾಸಿಯಾದರೆ ಸ್ಪಾಟ್‌ಲೈಟಿನಡಿ ಓದುವುದಿಲ್ಲ. ಉಚಿತವೆಂದು ಸಿಗುವ, ಕೆಲ ತಿಂಗಳಲ್ಲಿ ಸತ್ತುಹೋಗುವ ಕೊಂಡಿಗಳ ಬದಲು ಸಂಗ್ರಹಾಲಯದ ಜಾಲತಾಣದ ವಿಳಾಸವನ್ನೇ ಕೋಡ್ ಮಾಡಿ.

ಸರ್ಕಾರಿ ಶಾಲೆಯ ಮಕ್ಕಳ ಕೈಯಲ್ಲಿ ಫೋನು ಇರುವುದಿಲ್ಲ ಎಂದೇ ಯೋಜಿಸಿ. ಹತ್ತು ಮಕ್ಕಳಿಗೆ ಒಂದು ಚಿಕ್ಕ ಸ್ಪೀಕರ್, ಒಬ್ಬ ಶಿಕ್ಷಕರು, ಫೈಲುಗಳು ಮೆಮೊರಿ ಕಾರ್ಡಿನಲ್ಲಿ. ಶಾಲೆಗೆ ಕಳಿಸುವ ವಿಡಿಯೊವನ್ನು 720ಪಿ, 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ತೆಗೆದರೆ 90 ಸೆಕೆಂಡಿಗೆ ಸುಮಾರು 22 ಎಂಬಿ ಆಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬಹುದು.

ಬಣ್ಣ ತಿದ್ದುವುದು, ಸಂಗೀತ ಇವೆಲ್ಲಕ್ಕೆ ಮೊದಲು, ನಿಮ್ಮದೇ ಧ್ವನಿಯಲ್ಲಿ ಒರಟಾಗಿ ಜೋಡಿಸಿದ ಒಂದು ಆಡಿಯೊವನ್ನು ಐದಾರು ಮಕ್ಕಳಿಗೆ ಚಿತ್ರದೆದುರೇ ಕೇಳಿಸಿ. ಅವರ ಮುಖ ನೋಡುತ್ತಾ, ಪ್ರತಿ ವಾಕ್ಯಕ್ಕೂ ಕಣ್ಣು ಚಿತ್ರದ ಮೇಲಿದೆಯೋ ಬೇರೆಲ್ಲೋ ಇದೆಯೋ ಎಂದು ಸ್ಕ್ರಿಪ್ಟಿನ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಕಣ್ಣು ಬೇರೆಡೆ ಹೋದ ವಾಕ್ಯಗಳನ್ನು ಬರೆದು ಬದಲಿಸಿದ ಮೇಲೆ ನಿರೂಪಕರನ್ನು ಕರೆಸಿ.