ಓಪ್ಯಾಕ್‌ನಲ್ಲಿ ವಿ.ಸಿ. ನಾಲೆ ಅಂತ ಹುಡುಕಿದರೆ ಏನೂ ಬರಲ್ಲ, ಯಾಕೆ?

ನಾಲೆ ಏರಿ:
ನಮಸ್ಕಾರ. ಮಂಡ್ಯದವನು, ಮೈಸೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ವಿಶ್ವೇಶ್ವರಯ್ಯ ನಾಲೆ (ವಿ.ಸಿ. ನಾಲೆ) ಬಂದ ಮೇಲೆ ನಮ್ಮ ಕಡೆ ಬೇಸಾಯ ಹೇಗೆ ಬದಲಾಯಿತು ಅನ್ನುವುದು ಡಿಸರ್ಟೇಷನ್ ವಿಷಯ. ಪುಸ್ತಕಗಳ ಕಂಪ್ಯೂಟರ್ ಪಟ್ಟಿಯಾದ ಲೈಬ್ರರಿ ಓಪ್ಯಾಕ್‌ನಲ್ಲಿ ‘ವಿ.ಸಿ. ನಾಲೆ’ ಅಂತ ಹಾಕಿದರೆ ಸೊನ್ನೆ. ‘ವಿಶ್ವೇಶ್ವರಯ್ಯ’ ಅಂತ ಹಾಕಿದರೆ ಒಂದಷ್ಟು ಜೀವನ ಚರಿತ್ರೆ, ಅಷ್ಟೇ. ತಮಾಷೆ ಏನಂದರೆ ಇದೇ ವಿಷಯದ ಹಳೇ ಕನ್ನಡ ಪುಸ್ತಕ ಒಬ್ಬ ಸೀನಿಯರ್ ಕೈಯಲ್ಲಿದೆ, ಅದರ ಮೇಲೆ ಇದೇ ಲೈಬ್ರರಿ ಸೀಲ್ ಇದೆ, ಆದರೂ ಓಪ್ಯಾಕ್ ಅಂಥ ಪುಸ್ತಕವೇ ಇಲ್ಲ ಅನ್ನುತ್ತದೆ. ಕೌಂಟರಿನಲ್ಲಿ ಕೇಳಿದರೆ ‘ಸಿಸ್ಟಮ್‌ನಲ್ಲಿ ಇಲ್ಲ ಅಂದ್ರೆ ಇಲ್ಲ’ ಅಂತ ಮುಗಿಸಿದರು. ನಾನು ಹುಡುಕುವ ರೀತಿ ಸರಿ ಇಲ್ವಾ, ಇಲ್ಲಾ ಸಿಸ್ಟಮ್ಮೇ ಹೀಗಾ?

ಹಳೇ ಗೆಜೆಟಿಯರ್:
ಮೊದಲು ಹೆಸರು ಬದಲಾಯಿಸಿ ನೋಡಿ. ಕಟ್ಟಿದ ಕಾಲಕ್ಕೆ ಅದು ಇರ್ವಿನ್ ನಾಲೆ. 1926ರಿಂದ 1931ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ಇರ್ವಿನ್ ಹೆಸರನ್ನು ಇಟ್ಟಿದ್ದರು. ಕ್ಯಾಟಲಾಗ್ ಮಾಡುವವರು ಪುಸ್ತಕದ ಮೇಲೆ ಏನಿದೆಯೋ ಅದನ್ನೇ ಬರೆಯುತ್ತಾರೆ. ಎರಡೂ ಒಂದೇ ನಾಲೆ ಅಂತ ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡದಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಕಟ್ಟೆಯ ಕಥೆಯೂ ಇದೇ. ಕೃಷ್ಣರಾಜಸಾಗರ, ಕನ್ನಂಬಾಡಿ, ಕೆಆರ್‌ಎಸ್ ಮೂರನ್ನೂ ಹಾಕಿ ನೋಡಬೇಕು.

ಇನ್ನೊಂದು, ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ನಾಲೆಗೆ ನೀರು ಬಂದಿದ್ದು, 1933ರಲ್ಲಿ ಸಕ್ಕರೆ ಕಂಪನಿ ಶುರುವಾಗಿದ್ದು ಎಲ್ಲ ಅದಕ್ಕೂ ಮುಂಚೆ. ಆಗಿನ ಲೆಕ್ಕ ಪತ್ರ ಎಲ್ಲ ಮೈಸೂರು ಜಿಲ್ಲೆ ಹೆಸರಲ್ಲಿ ಇರುತ್ತದೆ. ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳನ್ನಂತೂ ಬಿಡಬೇಡಿ. ಅವು ಓಪ್ಯಾಕ್‌ನಲ್ಲಿ ಸಾಲು ವರದಿ ಅಂತ ಒಂದೇ ಎಂಟ್ರಿಯಾಗಿ ಕೂತಿರುತ್ತವೆ. ಒಳಗೆ ನಾಲೆ ಬಗ್ಗೆ ಪುಟಗಟ್ಟಲೆ ಇದ್ದರೂ ಎಂಟ್ರಿಯಲ್ಲಿ ಆ ಪದ ಬರುವುದೇ ಇಲ್ಲ.

ಕ್ಯಾಟಲಾಗ್ ಕೆಲಸದವಳು:
ನಾನು ಬೇರೆ ಊರಿನ ಕಾಲೇಜು ಲೈಬ್ರರಿಯಲ್ಲಿ ಇದೇ ಕೆಲಸ ಮಾಡುತ್ತೇನೆ. ಸಿಸ್ಟಮ್‌ನಲ್ಲಿ ಬರಲಿಲ್ಲ ಅಂದರೆ ಪುಸ್ತಕ ಇಲ್ಲ ಅಂತ ಅರ್ಥ ಅಲ್ಲ, ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಹಳೇ ಪುಸ್ತಕಗಳ ವಿವರವನ್ನು ಕಾರ್ಡ್ ನೋಡಿ ಕಂಪ್ಯೂಟರಿಗೆ ಹಾಕುವಾಗ ಎಷ್ಟೋ ಕಡೆ ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದಾರೆ. ನಾಲೆಗೆ ಒಂದು ಎ ಹಾಕಿದರೋ ಎರಡು ಎ ಹಾಕಿದರೋ, ಅದು ಟೈಪ್ ಮಾಡಿದವರ ಇಷ್ಟ. ಇನ್ನು ಕೆಲವು ಕಡೆ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ, ಬರಹ ಫಾಂಟುಗಳಲ್ಲಿ ಹೊಡೆದಿದ್ದಾರೆ. ಫಾಂಟ್ ಇದ್ದಾಗ ಕನ್ನಡ ಕಾಣುತ್ತದೆ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದು ಯಾವ ಹುಡುಕಾಟಕ್ಕೂ ಸಿಗಲ್ಲ. ಯೂನಿಕೋಡ್ ಇದ್ದರೂ ಕಾಟ ತಪ್ಪಿದ್ದಲ್ಲ. ಅನುಸ್ವಾರದ ಸೊನ್ನೆ (ಂ) ಬರಬೇಕಾದ ಕಡೆ ಕನ್ನಡದ ಅಂಕಿ ೦ ಹೊಡೆದಿರುತ್ತಾರೆ, ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕೋಹಾ ಅನ್ನುವ ಲೈಬ್ರರಿ ತಂತ್ರಾಂಶ ಬಳಸುವ ಕಡೆ, ಅದರ ಹುಡುಕಾಟದ ಭಾಗವಾದ ಝೀಬ್ರಾ ಇಂಡೆಕ್ಸಿಗೆ ಬೇರೆ ಬೇರೆ ಲಿಪಿಗಳನ್ನು ಸರಿಯಾಗಿ ಓದಿಸುವ ಐಸಿಯು ಸೆಟ್ಟಿಂಗ್ ಹಾಕದೇ ಬಿಟ್ಟಿದ್ದರೆ ಕನ್ನಡ ಹುಡುಕಾಟ ಇನ್ನೂ ಕೆಡುತ್ತದೆ.

ಜೊತೆಗೆ ನಮ್ಮ ಭಾಷೆಯಲ್ಲಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ ಅಲ್ವಾ, ‘ನಾಲೆ’ ಅಂತ ಹುಡುಕಿದರೆ ‘ನಾಲೆಯ’, ‘ನಾಲೆಗಳು’ ಬರದೇ ಹೋಗಬಹುದು. ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ. ಇಂಗ್ಲಿಷ್‌ನಲ್ಲಿ ವಿಶ್ವೇಶ್ವರಯ್ಯ ಅನ್ನುವುದಕ್ಕೂ ವಿ, ಐ, ಎಸ್ ಮೂರೇ ಅಕ್ಷರ ಹಾಕಿ ನಕ್ಷತ್ರ ಕೊಡಿ, ಎಚ್ ಇರುವ ಸ್ಪೆಲ್ಲಿಂಗೂ ಇಲ್ಲದ್ದೂ ಎರಡೂ ಸಿಗುತ್ತವೆ. ಜಾಸ್ತಿ ಬಂದರೆ ಪಕ್ಕದಲ್ಲಿ ಕೆನಾಲ್ ಸೇರಿಸಿ.

ಆ ಸೀನಿಯರ್ ಪುಸ್ತಕವನ್ನು ಅರ್ಧ ಗಂಟೆ ಕೇಳಿ ಇಸ್ಕೊಳ್ಳಿ. ಒಳಗೆ ಸೀಲ್ ಪಕ್ಕ ಅಕ್ಸೆಷನ್ ನಂಬರ್, ಅಂದರೆ ಲೈಬ್ರರಿ ಪ್ರತಿ ಪುಸ್ತಕಕ್ಕೂ ಕೊಡುವ ದಾಖಲೆ ಸಂಖ್ಯೆ, ಇರುತ್ತದೆ. ಆ ನಂಬರ್ ಕೊಟ್ಟು ಸ್ಟಾಫ್ ಕಡೆಯಿಂದ ಹುಡುಕಿಸಿ. ಎಂಟ್ರಿ ಸಿಕ್ಕರೆ ಹೆಸರನ್ನು ಹೇಗೆ ಹೊಡೆದಿದ್ದಾರೆ ಅಂತ ಗೊತ್ತಾಗುತ್ತದೆ, ಅದೇ ಥರ ಮಿಕ್ಕಿದ್ದನ್ನೂ ಹುಡುಕಬಹುದು. ಎಂಟ್ರಿಯಲ್ಲಿರುವ ಸಬ್ಜೆಕ್ಟ್ ಹೆಡಿಂಗ್ (ವಿಷಯದ ಹೆಸರು) ಮೇಲೂ ಕ್ಲಿಕ್ ಮಾಡಿ.

ರ‍್ಯಾಕ್ ಸುತ್ತುವವ:
ಇಷ್ಟೆಲ್ಲ ಯಾಕೆ, ಸುಮ್ನೆ ರ‍್ಯಾಕ್ ಹತ್ತಿರ ಹೋಗಿ ನಿಲ್ಲಿ. ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿ ಇದ್ದರೆ ನಿಮ್ಮ ವಿಷಯ ನಾಲ್ಕು ಕಡೆ ಚದುರಿರುತ್ತದೆ. ಅಣೆಕಟ್ಟು, ನಾಲೆ ಕಟ್ಟುವ ಎಂಜಿನಿಯರಿಂಗ್ 627, ಹೊಲದ ನೀರಾವರಿ 631.587, ನೀರಿನ ಅರ್ಥಶಾಸ್ತ್ರ 333.91, ಕರ್ನಾಟಕದ ಇತಿಹಾಸ 954.87. ಇತಿಹಾಸದ ಹುಡುಗರು 954 ಬಿಟ್ಟು ಆಚೆ ಕಾಲಿಡಲ್ಲ, ಅದೇ ತೊಂದರೆ. ಮತ್ತೆ ಆ ಕೌಂಟರಿನವರಿಗೆ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಓದುಗನ ಸಮಯ ಉಳಿಸಿ ಅಂತ ನಿಯಮ ಬರೆದಿದ್ದನ್ನು ಯಾರಾದರೂ ನೆನಪಿಸಿ.

ಕ್ಯಾಟಲಾಗ್ ಕೆಲಸದವಳು:
ರ‍್ಯಾಕ್ ಸುತ್ತಿದರೆ ಇಶ್ಯೂ ಆಗಿರುವ ಪುಸ್ತಕ ಕಾಣಲ್ಲ, ಬೈಂಡಿಂಗಿಗೆ ಹೋಗಿರುವುದೂ ಕಾಣಲ್ಲ. ಎರಡೂ ಮಾಡಲಿ. ಕೌಂಟರಿನವರನ್ನು ಬೈಯುವುದು ಸುಲಭ, ಎಂಟ್ರಿ ತಿದ್ದುವ ಅಧಿಕಾರ ಎಷ್ಟೋ ಕಡೆ ಅವರಿಗಿರಲ್ಲ.

ನಾಲೆ ಏರಿ:
ಇರ್ವಿನ್ ಅಂತ ಇಂಗ್ಲಿಷ್‌ನಲ್ಲಿ ಹಾಕಿದೆ, ಒಂದು ಎಂಜಿನಿಯರಿಂಗ್ ವರದಿ ಬಂತು! ಸೀನಿಯರ್ ಪುಸ್ತಕ ಅಕ್ಸೆಷನ್ ನಂಬರಿಗೂ ಬರಲಿಲ್ಲ, ಅದು ಕಂಪ್ಯೂಟರಿಗೆ ಹತ್ತೇ ಇಲ್ಲ ಅನ್ನಿಸುತ್ತೆ. ಹಳೇ ಕಾರ್ಡಿನ ಬೀರು ಮೇಲಿನ ಮಹಡಿಯಲ್ಲಿದೆಯಂತೆ, ಅದಕ್ಕೆ ಬೀಗ. ಯಾರನ್ನು ಕೇಳಬೇಕು?

ಹಳೇ ಗೆಜೆಟಿಯರ್:
ಗೈಡ್ ಕೈಯಲ್ಲಿ ಒಂದು ಪತ್ರ ಬರೆಸಿಕೊಂಡು ನೇರ ಲೈಬ್ರರಿಯನ್ ಹತ್ತಿರ ಹೋಗಿ, ಬೀಗ ತೆಗೆಸುತ್ತಾರೆ. ವಿಷಯದ ಕಾರ್ಡುಗಳ ಡ್ರಾಯರ್ ಮೊದಲು ನೋಡಿ, ನೀರಾವರಿ ಅಂತ ಇರದಿದ್ದರೆ ಕಾಲುವೆ ಅಂತ ಇರುತ್ತದೆ.