ಅಮೆರಿಕದಲ್ಲಿ ಸರ್ಕಾರ ನಡೆಯುವ ರೀತಿಯೇ ಬದಲಾದದ್ದು ಯಾವಾಗ? 1787ರಲ್ಲೋ, ಆಮೇಲೋ?

ಪುಟತಿರುವು (ಪ್ರಶ್ನೆ):
ಅಮೆರಿಕದ ಆಡಳಿತದ ತಿರುವುಗಳು ಅಂತ ಹುಡುಕಿದರೆ ಯುದ್ಧಗಳ, ಅಧ್ಯಕ್ಷರ ಪಟ್ಟಿಯೇ ಸಿಗುತ್ತದೆ. ನನಗೆ ಬೇಕಿರುವುದು ಆಡಳಿತದ ನಿಯಮಗಳೇ ಬದಲಾದ ಘಟ್ಟಗಳು. ಎರಡು ಗೊಂದಲ ಇವೆ. ಹಳೆಯ ಒಕ್ಕೂಟದ ಕರಾರನ್ನು ತಿದ್ದಲು 13 ರಾಜ್ಯಗಳೂ ಒಪ್ಪಬೇಕಿತ್ತು. ಹಾಗಿದ್ದಮೇಲೆ ಹೊಸ ಸಂವಿಧಾನ ಜಾರಿಗೆ 9 ರಾಜ್ಯ ಸಾಕು ಅಂತ 1787ರಲ್ಲಿ ಹೇಗೆ ಬರೆದುಕೊಂಡರು? ಇನ್ನೊಂದು, ತಡೆಹಿಡಿದ ನೇಮಕಪತ್ರ ಕೊಡಿಸಿ ಅಂತ ಮಾರ್ಬರಿ ಎಂಬವರು ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದ 1803ರ ತೀರ್ಪಿಗೆ ಅಷ್ಟು ಮಹತ್ವ ಯಾಕೆ? ಆತನಿಗೆ ಕೆಲಸವೇ ಸಿಗಲಿಲ್ಲವಲ್ಲ!

ಹಳೇಕಡತ:
ಮೊದಲನೆಯದಕ್ಕೆ ನೇರ ಉತ್ತರ: ಹಳೆಯ ನಿಯಮ ಮುರಿದೇ ಬರೆದುಕೊಂಡರು.

1781ರ ಕರಾರಿನಲ್ಲಿ ಕಾಂಗ್ರೆಸ್‌ಗೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. ಇಷ್ಟಿಷ್ಟು ಕೊಡಿ ಅಂತ ರಾಜ್ಯಗಳನ್ನು ಕೇಳಬೇಕು, ಕೊಟ್ಟರೆ ಉಂಟು. ಆಮದಿನ ಮೇಲೆ ಶೇ. 5 ಸುಂಕ ಹಾಕುವ ತಿದ್ದುಪಡಿಯನ್ನು 1782ರಲ್ಲಿ ರೋಡ್ ಐಲೆಂಡ್ ತಳ್ಳಿಹಾಕಿತು. 1783ರಲ್ಲಿ ಮತ್ತೆ ಕಳಿಸಿದರು, ಆ ಸಲ ನ್ಯೂಯಾರ್ಕ್ ಅಡ್ಡಗಾಲು ಹಾಕಿತು. 1787ರಲ್ಲಿ ಹೊಸ ಸಂವಿಧಾನ ಬರೆದ ಫಿಲಡೆಲ್ಫಿಯಾ ಸಭೆಗಂತೂ ರೋಡ್ ಐಲೆಂಡ್ ಪ್ರತಿನಿಧಿಗಳನ್ನೇ ಕಳಿಸಲಿಲ್ಲ. ಸರ್ವಾನುಮತ ಕೇಳುತ್ತಾ ಕೂತರೆ ಈ ಕರಡು ಪ್ರತಿಗೂ ಅದೇ ಗತಿಯಾಗುತ್ತಿತ್ತು.

ಹಾಗಾಗಿ 7ನೇ ವಿಧಿಯಲ್ಲಿ ಎರಡು ಉಪಾಯ ಸೇರಿಸಿದರು. 9 ರಾಜ್ಯ ಒಪ್ಪಿದರೆ ಸಾಕು, ಆದರೆ ಒಪ್ಪಿದವರ ನಡುವೆ ಮಾತ್ರ ಜಾರಿ. ಒಪ್ಪಿಗೆ ಕೊಡುವುದು ಶಾಸನಸಭೆಗಳಲ್ಲ, ಅದಕ್ಕೆಂದೇ ಆಯ್ಕೆಯಾದ ಸಮಾವೇಶಗಳು. ಅಧಿಕಾರ ಬಿಟ್ಟುಕೊಡಬೇಕಿದ್ದವರ ಕೈಗೇ ಕೀಲಿ ಕೊಡಲಿಲ್ಲ ಅನ್ನಿ. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ಲೆಕ್ಕಕ್ಕೆ ಅಷ್ಟು ಸಾಕಿತ್ತು, ಆದರೆ ವರ್ಜೀನಿಯಾ, ನ್ಯೂಯಾರ್ಕ್ ಇಲ್ಲದ ಒಕ್ಕೂಟ ನಿಲ್ಲುವಂಥದ್ದಲ್ಲ. ರೋಡ್ ಐಲೆಂಡ್ 1790ರ ಮೇ ತಿಂಗಳಲ್ಲಿ ಬಂತು, ಅದೂ 34–32 ಮತಗಳಲ್ಲಿ.

ಕಲಂ_ಮೂರು:
ಮಾರ್ಬರಿಗೆ ಕೆಲಸ ಸಿಗದಿದ್ದದ್ದೇ ಆ ತೀರ್ಪಿನ ಬಲ. ಅಧ್ಯಕ್ಷ ಆಡಮ್ಸ್ ಅಧಿಕಾರದಿಂದ ಇಳಿಯುವ ಮೊದಲೇ ನೇಮಕಪತ್ರಕ್ಕೆ ಸಹಿ, ಮುದ್ರೆ ಎರಡೂ ಬಿದ್ದಿದ್ದವು, ತಲುಪಿಸಿರಲಿಲ್ಲ ಅಷ್ಟೆ. (ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದದ್ದು, ಆಮೇಲೆ ಮುಖ್ಯ ನ್ಯಾಯಮೂರ್ತಿಯಾಗಿ ಈ ತೀರ್ಪು ಬರೆದ ಜಾನ್ ಮಾರ್ಷಲ್ ಅವರೇ. ಇವತ್ತಾಗಿದ್ದರೆ ಈ ಕೇಸು ಕೇಳಲು ಅವರನ್ನು ಬಿಡುತ್ತಿರಲಿಲ್ಲ.)

ಮಾರ್ಷಲ್ ಪ್ರಶ್ನೆಗಳ ಕ್ರಮ ಗಮನಿಸಿ. ಪತ್ರ ಪಡೆಯುವ ಹಕ್ಕು ಮಾರ್ಬರಿಗೆ ಇದೆಯೇ? ಇದೆ. ಕಾನೂನಿನಲ್ಲಿ ಪರಿಹಾರ ಇದೆಯೇ? ಇದೆ. ಈ ಕೋರ್ಟು ಅದನ್ನು ಕೊಡಬಹುದೇ? ಇಲ್ಲ, 1789ರ ನ್ಯಾಯಾಂಗ ಕಾಯ್ದೆಯ 13ನೇ ಸೆಕ್ಷನ್ ಕೋರ್ಟಿಗೆ ಕೊಟ್ಟ ಮೂಲ ಅಧಿಕಾರವ್ಯಾಪ್ತಿ (ಮೇಲ್ಮನವಿಯಾಗಿ ಅಲ್ಲದೆ ನೇರವಾಗಿ ಕೇಸು ಕೇಳುವ ಅಧಿಕಾರ) ಸಂವಿಧಾನದ 3ನೇ ವಿಧಿಯನ್ನು ಮೀರುತ್ತದೆ, ಆದ್ದರಿಂದ ಅದು ಅಸಿಂಧು. ಆಡಮ್ಸ್ ನಂತರ ಅಧ್ಯಕ್ಷರಾದ ಜೆಫರ್ಸನ್ ಧಿಕ್ಕರಿಸಲು ಆದೇಶವೇ ಇರಲಿಲ್ಲ. ಕಾಯ್ದೆ ರದ್ದು ಮಾಡುವ ಅಧಿಕಾರ ಮಾತ್ರ ಕೋರ್ಟಿನ ಬಳಿ ಉಳಿಯಿತು.

ಹಾಗಂತ ಅತಿಯಾಗಿ ಹೊಗಳುವುದೂ ಬೇಡ. ಸುಪ್ರೀಂ ಕೋರ್ಟು ಕಾಂಗ್ರೆಸಿನ ಕಾಯ್ದೆಯೊಂದನ್ನು ಮತ್ತೆ ಸಂವಿಧಾನಬಾಹಿರ ಎಂದದ್ದು 54 ವರ್ಷ ಬಿಟ್ಟು, 1857ರ ಡ್ರೆಡ್ ಸ್ಕಾಟ್‌ನಲ್ಲಿ. ಕಪ್ಪುಜನರು ಅಮೆರಿಕದ ಪ್ರಜೆಗಳಾಗಲಾರರು ಎಂದ ಕುಖ್ಯಾತ ತೀರ್ಪು ಅದು.

ಉಪ್ಪರಿಗೆ:
ಇವೆರಡಕ್ಕಿಂತ 1868ರ 14ನೇ ತಿದ್ದುಪಡಿಯೇ ದೊಡ್ಡ ತಿರುವು ಅನ್ನುತ್ತೇನೆ. 1791ರ ಹಕ್ಕುಗಳ ಪಟ್ಟಿ (ಸಂವಿಧಾನದ ಮೊದಲ 10 ತಿದ್ದುಪಡಿಗಳು) ಕಟ್ಟಿಹಾಕಿದ್ದು ಕೇಂದ್ರವನ್ನು ಮಾತ್ರ. ಬಾಲ್ಟಿಮೋರ್ ನಗರಾಡಳಿತ ಹೊಳೆಗಳ ಹರಿವು ತಿರುಗಿಸಿದ್ದರಿಂದ ಬ್ಯಾರನ್ ಎಂಬವರ ಹಡಗುಕಟ್ಟೆಯಲ್ಲಿ ಹೂಳು ತುಂಬಿತು, ಹಡಗು ಬರಲಾರದಷ್ಟು ಆಳ ಕಡಿಮೆಯಾಯಿತು. ಆಸ್ತಿ ತೆಗೆದುಕೊಂಡರೆ ಪರಿಹಾರ ಕೊಡಬೇಕೆನ್ನುವ 5ನೇ ತಿದ್ದುಪಡಿ ಹಿಡಿದು ಪರಿಹಾರ ಕೇಳಿದರೆ, ಅದು ರಾಜ್ಯಗಳಿಗೆ ಅನ್ವಯಿಸದು ಅಂತ ಇದೇ ಮಾರ್ಷಲ್ 1833ರಲ್ಲಿ ಕೈತೊಳೆದುಕೊಂಡರು.

14ನೆಯದು ರಾಜ್ಯಗಳನ್ನೇ ಹೆಸರಿಸಿ ಕಟ್ಟುತ್ತದೆ. ಆದರೂ ಕೂಡಲೇ ಫಲ ಕೊಡಲಿಲ್ಲ: 1873ರ ಸ್ಲಾಟರ್‌ಹೌಸ್ ತೀರ್ಪು ಅದರ ಒಂದು ಕಲಮನ್ನು ಹೆಚ್ಚುಕಡಿಮೆ ನಿರ್ಜೀವ ಮಾಡಿತು. ಆಮೇಲೆ ಡ್ಯೂ ಪ್ರೋಸೆಸ್ ಕಲಮಿನ (ಸರಿಯಾದ ಕಾನೂನು ಕ್ರಮವಿಲ್ಲದೆ ಜೀವ, ಸ್ವಾತಂತ್ರ್ಯ, ಆಸ್ತಿ ಕಸಿಯಬಾರದು ಎನ್ನುವುದು) ದಾರಿಯಲ್ಲಿ ಒಂದೊಂದೇ ಹಕ್ಕು ರಾಜ್ಯಗಳ ಮೇಲೆ ಬಂತು. 1925ರಲ್ಲಿ ವಾಕ್ ಸ್ವಾತಂತ್ರ್ಯ (ಗಿಟ್ಲೋ), 1963ರಲ್ಲಿ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರ ನೆರವು (ಗಿಡಿಯನ್).

ಪುಟತಿರುವು:
ಧನ್ಯವಾದ. ಹಾಗಾದರೆ 1937? ಅಲ್ಲಿಯವರೆಗೆ ಆರ್ಥಿಕ ಕಾಯ್ದೆಗಳನ್ನು ರದ್ದು ಮಾಡುತ್ತಿದ್ದ ಕೋರ್ಟು ಅಧ್ಯಕ್ಷ ರೂಸ್‌ವೆಲ್ಟ್ ಬೆದರಿಕೆಗೆ ಮಣಿಯಿತು ಅಂತಾರಲ್ಲ?

ಕಲಂ_ಮೂರು:
ತಿರುವು ನಿಜ, ಕಾರಣ ಅಷ್ಟು ಸರಳವಲ್ಲ. 70 ದಾಟಿಯೂ ನಿವೃತ್ತರಾಗದ ಪ್ರತಿ ನ್ಯಾಯಮೂರ್ತಿಗೆ ಒಬ್ಬರಂತೆ, ಗರಿಷ್ಠ 6 ಮಂದಿಯನ್ನು ಹೆಚ್ಚುವರಿಯಾಗಿ ನೇಮಿಸುವ ರೂಸ್‌ವೆಲ್ಟ್ ಯೋಜನೆ ಹೊರಬಿದ್ದದ್ದು 1937ರ ಫೆಬ್ರವರಿ 5ರಂದು. ಮಾರ್ಚ್‌ನಲ್ಲಿ ವೆಸ್ಟ್ ಕೋಸ್ಟ್ ಹೋಟೆಲ್ ಪ್ರಕರಣದಲ್ಲಿ ಕನಿಷ್ಠ ಕೂಲಿ ಕಾಯ್ದೆ 5–4ರಲ್ಲಿ ಗೆದ್ದಿತು. ಆದರೆ ನ್ಯಾಯಮೂರ್ತಿ ರಾಬರ್ಟ್ಸ್ ಒಳಸಭೆಯಲ್ಲಿ ಆ ಕಡೆಗೆ ಮತ ಹಾಕಿದ್ದು 1936ರ ಡಿಸೆಂಬರ್‌ನಲ್ಲೇ, ಯೋಜನೆ ಹೊರಬೀಳುವ ಮೊದಲೇ. ನವೆಂಬರ್ ಚುನಾವಣೆಯಲ್ಲಿ ರೂಸ್‌ವೆಲ್ಟ್ ಭರ್ಜರಿಯಾಗಿ ಗೆದ್ದದ್ದು ನೋಡಿ ರಾಬರ್ಟ್ಸ್ ಆ ಕಡೆ ವಾಲಿದರು ಅಂತ ವಾದಿಸಿದರೆ ಅದು ಬೇರೆ ಮಾತು.